ಅಕ್ಕಿ ಮೂಟೆ ಕಾರಿನಲ್ಲಿ ಎಲ್ಲಿರಬೇಕು?

ಊರಿನಿಂದ 25 ಕಿಲೋ ಅಕ್ಕಿ ಮೂಟೆ, ಜೊತೆಗೆ ಗ್ರೈಂಡರ್ ತರಬೇಕು. ಹಿಂದಿನ ಸೀಟೋ, ಡಿಕ್ಕಿಯೋ, ಮೇಲಿನ ಕ್ಯಾರಿಯರೋ ಎಂದು ಕೇಳಿದ್ದೀರಿ.

ಮೊದಲು ಅಪಘಾತದ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಗೋಡೆಗೆ ಬಡಿದು ನಿಂತರೂ ಒಳಗಿನ ಮೂಟೆ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದೆ ನುಗ್ಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಮೂಟೆಯ ಪೆಟ್ಟು ಅದು. ಸೀಟಿನ ಮೇಲಿಟ್ಟರೆ ಆ ಪೆಟ್ಟು ಚಾಲಕನ ಬೆನ್ನಿಗೇ. ಅಲ್ಲಿ ಇಡಲೇಬೇಕಾದರೆ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಒತ್ತಿ ಕೂರಿಸಿ. ಎತ್ತಿಳಿಸಲು ಸುಲಭ, ಖರ್ಚಿಲ್ಲ; ಆದರೆ ಹಿಂದೆ ಯಾರೂ ಕೂರದಿದ್ದಾಗ ಮಾತ್ರ.

ಮಕ್ಕಳು ಹಿಂದೆ ಕೂರುವುದಾದರೆ ಡಿಕ್ಕಿಯೇ ವಾಸಿ. ಭಾರದ ವಸ್ತು ತಳದಲ್ಲಿ, ಸೀಟಿನ ಬೆನ್ನಿಗೆ ಅಂಟಿಕೊಂಡಿರಲಿ. ನಡುವೆ ಜಾಗ ಬಿಟ್ಟಷ್ಟೂ ಅದು ಗುದ್ದುವ ರಭಸ ಹೆಚ್ಚು. ಡಿಕ್ಕಿ ಬೇರೆಯಾಗಿರುವ ಸೆಡಾನ್‌ಗಿಂತ, ಡಿಕ್ಕಿ ಒಳಗಿನ ಜಾಗಕ್ಕೇ ತೆರೆದಿರುವ ಹ್ಯಾಚ್‌ಬ್ಯಾಕ್‌ನಲ್ಲಿ ಎಚ್ಚರ ಹೆಚ್ಚು ಬೇಕು: ಸೀಟಿನ ಎತ್ತರ ಮೀರಿ ಪೇರಿಸಿದರೆ ತಡೆಯಲು ಏನೂ ಇಲ್ಲ. ಕೊಕ್ಕೆಗಳಿದ್ದರೆ ಬಿಗಿಯುವ ಪಟ್ಟಿ ಹಾಕಿ. ತೆಂಗಿನ ನಾರಿನ ಹಗ್ಗವನ್ನು ನಾನಂತೂ ನಂಬುವುದಿಲ್ಲ.

ಕ್ಯಾರಿಯರ್‌ಗೆ ದುಡ್ಡು ಬೇಕು, ಎತ್ತಲು ಇಬ್ಬರು ಬೇಕು. ಮೇಲೆ ಭಾರವಿದ್ದರೆ ಘಾಟಿಯ ತಿರುವಿನಲ್ಲಿ ಕಾರು ವಾಲುತ್ತದೆ. ಹಾಸಿಗೆ, ಬಟ್ಟೆಗಂಟು ಮೇಲೇರಲಿ, ಗ್ರೈಂಡರ್ ಬೇಡ.