ವರ್ಷ ದಾಟಿದ ಕೀಟೋ: ಒಲೆ ಒಂದು, ಅಡುಗೆ ಎರಡು

ಕೀಟೋ ಅಂದರೆ ಕಾರ್ಬ್ (ಅನ್ನ, ಮುದ್ದೆ, ಸಕ್ಕರೆಯಲ್ಲಿರುವ ಪಿಷ್ಟ, ಸಿಹಿ ಅಂಶ) ತೀರಾ ಕಡಿಮೆ ಮಾಡಿ ಕೊಬ್ಬು ಹೆಚ್ಚು ತಿನ್ನುವ ಪಥ್ಯ. ಅದರಲ್ಲಿ ಎಷ್ಟು ಕಾರ್ಬ್, ಎಷ್ಟು ಕೊಬ್ಬು, ಯಾವ ತರಕಾರಿ ಆಗುತ್ತೆ, ಯಾವುದು ಆಗಲ್ಲ, ಇದೆಲ್ಲ ನೀವು ಬೇಕಾದಷ್ಟು ವಿಡಿಯೋಗಳಲ್ಲಿ ನೋಡಿರುತ್ತೀರಿ. ಅದನ್ನು ಬಿಡುತ್ತೇನೆ. ತೂಕ ಇಳಿಯುತ್ತಾ ಅಂದರೆ ಇಳಿಯುತ್ತೆ. ನನಗೂ ಇಳಿಯಿತು, ಮಂಗಳೂರಿನಲ್ಲಿರುವ ನನ್ನ ಮೈದುನನಿಗೂ ಇಳಿಯಿತು. ಇಬ್ಬರೂ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಶುರು ಮಾಡಿದೆವು. ಅವನು ಇವತ್ತಿಗೂ ನಡೆಸುತ್ತಿದ್ದಾನೆ. ನಾನು ವರ್ಷ ದಾಟಿದ ಮೇಲೆ ಬಿಟ್ಟೆ. ಅವನ ಮನಸ್ಸು ಗಟ್ಟಿ, ನನ್ನದು ಅಷ್ಟು ಗಟ್ಟಿ ಇಲ್ಲ ಅಂತ ನೆಂಟರು ಮಾತಾಡಿಕೊಳ್ಳುತ್ತಾರೆ. ನಾನು ಅದನ್ನು ಒಪ್ಪಲ್ಲ. ಕಾರಣ ಇರೋದು ಅಡುಗೆಮನೆಯಲ್ಲಿ. ಅದನ್ನು ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಕಡೆಯ ಮನೆತನ, ಈಗ ಇರೋದು ಮೈಸೂರಲ್ಲಿ. ಯಜಮಾನರು, ಅತ್ತೆ, ಪಿಯುಸಿ ಓದುವ ಮಗ, ನಾನು. ರಾತ್ರಿ ಮುದ್ದೆ ಇಲ್ಲದಿದ್ದರೆ ನಮ್ಮಲ್ಲಿ ಊಟ ಮಾಡಿದ ಹಾಗೇ ಆಗಲ್ಲ. ನನ್ನ ಮೂರು ತಿಂಗಳ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.2 ಬಂತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ನಮ್ಮಮ್ಮ ಈ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡದ್ದನ್ನು ಹತ್ತಿರದಿಂದ ನೋಡಿದವಳು ನಾನು. ಆ ಹೆದರಿಕೆಯಲ್ಲೇ ಡಾಕ್ಟರನ್ನು ಕೇಳಿ ಶುರು ಮಾಡಿದೆ. ದಿನಕ್ಕೆ 30 ಗ್ರಾಂ ಕಾರ್ಬ್ ಒಳಗೆ. ಇದು ಎಷ್ಟು ಕಮ್ಮಿ ಅಂತ ಗೊತ್ತಾಗಬೇಕಾದರೆ ಒಂದು ಮುದ್ದೆಯ ಲೆಕ್ಕ ಹಾಕಿ ನೋಡಿ. ಸಾಧಾರಣ ಗಾತ್ರದ ಮುದ್ದೆಗೆ 80 ಗ್ರಾಂ ಹಿಟ್ಟು ಹಿಡಿದರೂ ಕಾರ್ಬ್ 50 ಗ್ರಾಂ ದಾಟುತ್ತೆ. ಒಂದೇ ಒಂದು ಮುದ್ದೆ ಉಂಡರೆ ನಾಳೆಯ ಪಾಲೂ ಮುಗಿದಂತೆ.

ಮೊದಲ ವಾರ ತಲೆ ಸಿಡಿತ, ಕಾಲು ಸೆಳೆತ. ಇದಕ್ಕೆ ಕೀಟೋ ಫ್ಲೂ ಅನ್ನುತ್ತಾರೆ. ಪಿತ್ತಜನಕಾಂಗದಲ್ಲಿ, ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆ ಅಂಶ ಖಾಲಿಯಾಗುತ್ತಾ ಹೋದಂತೆ ಅದರ ಜೊತೆಗಿದ್ದ ನೀರೂ ಹೋಗುತ್ತೆ, ನೀರಿನ ಜೊತೆ ಉಪ್ಪೂ ಹೋಗುತ್ತೆ. ಮೊದಲ ವಾರ ತೂಕದ ಮಿಷನ್ನು ತೋರಿಸುವ ಇಳಿಕೆಯಲ್ಲಿ ಹೆಚ್ಚಿನ ಪಾಲು ಈ ನೀರೇ. ಅಂಗಡಿಯಲ್ಲಿ ಇದಕ್ಕೆ ಎಲೆಕ್ಟ್ರೋಲೈಟ್ ಪುಡಿ ಅಂತ ದುಬಾರಿ ಡಬ್ಬ ಮಾರುತ್ತಾರೆ. ನನಗೆ ಉಪ್ಪುಸಾರೇ ಸಾಕಾಯಿತು. ಕಾಳು ಬೇಳೆ ಏನೂ ಹಾಕದೆ ಬರೀ ದಂಟಿನ ಸೊಪ್ಪು ಬೇಯಿಸಿ ಬಸಿಯೋದು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಚೂರು ಹುಣಸೆ ಸೇರಿಸಿ ಖಾರ ನುಣ್ಣಗೆ ಅರೆಯೋದು. ಬಸಿದ ಬಿಸಿ ನೀರಿಗೆ ಆ ಖಾರ ಕದಡಿ, ಉಪ್ಪು ಸ್ವಲ್ಪ ಮುಂದಾಗಿ ಹಾಕಿ, ದೊಡ್ಡ ಲೋಟದಲ್ಲಿ ಸಂಜೆ ಐದರ ಹೊತ್ತಿಗೆ ಆಫೀಸಿನಲ್ಲೇ ಕುಡಿಯುತ್ತಿದ್ದೆ. ಫ್ಲಾಸ್ಕಿನ ಮುಚ್ಚಳ ತೆಗೆದ ತಕ್ಷಣ ಬೆಳ್ಳುಳ್ಳಿ ಘಮ ಪಕ್ಕದ ಟೇಬಲ್ಲಿಗೂ ಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ತಲೆ ಹಗುರ. ಅಷ್ಟು ವರ್ಷ ಮುದ್ದೆ ಜಾರಿಸೋಕೆ ಅಂತ ಮಾಡುತ್ತಿದ್ದ ಸಾರನ್ನು ಸುಮ್ನೆ ಕುಡಿಯೋದೂ ಇಷ್ಟು ಸುಖ ಅಂತ ನನಗೆ ಆಗಲೇ ಗೊತ್ತಾದದ್ದು. ಕೀಟೋ ಬಿಟ್ಟ ಮೇಲೂ ಆ ಫ್ಲಾಸ್ಕು ಬಿಟ್ಟಿಲ್ಲ.

ಇನ್ನೊಂದು ಸುಖ ಬೆಳಗಿನ ಕಾಫಿ. ಹಾಲಿನಲ್ಲಿ 100 ಎಂಎಲ್‌ಗೆ ಸುಮಾರು 5 ಗ್ರಾಂ ಸಕ್ಕರೆ ಅಂಶ ಇರುತ್ತೆ, ಹಾಗಾಗಿ ಹಾಲು ಬಿಟ್ಟೆ. ರಾತ್ರಿ ಕಾಯಿಸಿ ಆರಿಸಿದ ಹಾಲಿನ ಮೇಲೆ ಬೆಳಗ್ಗೆ ಹೊತ್ತಿಗೆ ದಪ್ಪ ಕೆನೆ ಕಟ್ಟಿರುತ್ತದಲ್ಲ, ಅದನ್ನು ಎರಡು ಚಮಚ ಲೋಟಕ್ಕೆ ಹಾಕಿ, ಮೇಲೆ ಕುದಿಯುವ ಡಿಕಾಕ್ಷನ್ ಸುರಿದು ಚಮಚದಲ್ಲಿ ಚೆನ್ನಾಗಿ ಕಡೆಯಬೇಕು. ಬಣ್ಣ ತಿರುಗುತ್ತಾ ಬರುತ್ತೆ, ಮೇಲೆ ಸಣ್ಣ ಸಣ್ಣ ಜಿಡ್ಡಿನ ಚುಕ್ಕೆ ತೇಲುತ್ತೆ. ಸಕ್ಕರೆ ಬೇಕು ಅಂತಲೇ ಅನ್ನಿಸಲ್ಲ. ಅದನ್ನು ಕುಡಿದು, ಎರಡು ಮೊಟ್ಟೆ, ಒಂದು ಹಿಡಿ ಸೊಪ್ಪಿನ ಪಲ್ಯ, ಚೂರು ಹಸಿ ಕಾಯಿ ತಿಂದು ಹೋದರೆ ಮಧ್ಯಾಹ್ನದವರೆಗೆ ಹೊಟ್ಟೆಯ ನೆನಪೇ ಇಲ್ಲ. ಇಡ್ಲಿ ತಿಂದ ದಿನ ಹನ್ನೊಂದಕ್ಕೆಲ್ಲ ಕೈ ಬಿಸ್ಕತ್ತಿನ ಡಬ್ಬದ ಕಡೆ ಹೋಗುತ್ತಿತ್ತು. ಅದು ನಿಂತೇ ಹೋಯಿತು. ಈ ಹಸಿವಿನ ಕಾಟ ತಪ್ಪುವುದು ಕೀಟೋದ ದೊಡ್ಡ ಗುಣ. ಇದನ್ನು ನಾನು ಮನಸಾರೆ ಹೊಗಳುತ್ತೇನೆ.

ಈಗ ಸಂಜೆಗೆ ಬರೋಣ.

ಆಫೀಸಿನಿಂದ ಬರುವಾಗ ಆರೂವರೆ. ಮನೆಯವರಿಗೆ ಬೇಳೆ ಕೂಗಿಸಬೇಕು, ಸಾರು ಮಾಡಬೇಕು, ಮಗನಿಗೆ ಅನ್ನ, ಉಳಿದವರಿಗೆ ಮುದ್ದೆ. ಆಮೇಲೆ ನನ್ನದು. ಬೇಳೆ ಹಾಕದ ಪಲ್ಯ ಬೇರೆ ಬಾಣಲೆಯಲ್ಲಿ. ಹೂಕೋಸು ತುರಿದು, ಬಟ್ಟೆಯಲ್ಲಿ ಹಿಂಡಿ, ನಿಂಬೆಹಣ್ಣಿನ ಚಿತ್ರಾನ್ನದ ಒಗ್ಗರಣೆ ಹಾಕಬೇಕು. ಹಿಂಡದಿದ್ದರೆ ಮುದ್ದೆಗಟ್ಟುತ್ತೆ. ಇಲ್ಲ ಅಂದರೆ ಪನೀರು ಹುರಿಯಬೇಕು. ಯಜಮಾನರು ಸುಮ್ಮನೆ ಕೂರುವವರಲ್ಲ, ತರಕಾರಿ ಹೆಚ್ಚಿ ಕೊಡುತ್ತಾರೆ, ಪಾತ್ರೆಯನ್ನೂ ತೊಳೆಯುತ್ತಾರೆ. ಆದರೆ ಎರಡು ಊಟದ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಬೇಕಾದವಳು ನಾನೊಬ್ಬಳೇ. ಬಿಸಿ ಮುದ್ದೆ ತಿರುವಿ, ಕೈ ನೀರಲ್ಲಿ ಅದ್ದಿ ಕಟ್ಟಿ, ಎಲ್ಲರ ತಟ್ಟೆಗೆ ಹಾಕಿ, ಕೊನೆಗೆ ಹೂಕೋಸಿನ ತಟ್ಟೆ ಹಿಡಿದು ಕೂರಬೇಕು. ಒಂದು ದಿನ ಅಲ್ಲ, ದಿನಾ. ಅತ್ತೆ ಮೊದಮೊದಲು ಏನೂ ಅನ್ನಲಿಲ್ಲ. ಆಮೇಲೆ ಒಂದು ರಾತ್ರಿ ಕೇಳಿದರು, "ಒಂದೇ ಮನೇಲಿ ಇದ್ಕೊಂಡು ನೀನೊಬ್ಳೇ ಬ್ಯಾರೆ ಉಣ್ತೀಯಲ್ಲ, ಮನ್ಸಿಗೆ ಹೆಂಗವ್ವ ಆಯ್ತದೆ?" ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಸಂಕಟ ಇತ್ತು. ನನಗೆ ಉತ್ತರ ಹೊಳೆಯಲಿಲ್ಲ.

ಮೈದುನನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವನು ಮಂಗಳೂರಲ್ಲಿ ಒಬ್ಬನೇ ಇದ್ದಾನೆ, ಒಬ್ಬನಿಗೇ ಅಡುಗೆ. ಬೂತಾಯಿ, ಬಂಗುಡೆ ಸಿಗುವ ಊರು. ಮಸಾಲೆ ಹಚ್ಚಿ, ರವೆ ಮುಟ್ಟಿಸದೆ ತವಾದ ಮೇಲೆ ಹಾಕಿದರೆ ಊಟ ಆಯಿತು. ಬೂತಾಯಿ ಹೆಚ್ಚಿನ ದಿನ ಅಗ್ಗ. ಅಕ್ಕಿ ಒಂದನ್ನು ಬಿಟ್ಟರೆ ಕರಾವಳಿಯ ಅಡುಗೆಯಲ್ಲಿ ಕೀಟೋಗೆ ಬೇಕಾದ್ದು ಮುಕ್ಕಾಲು ಪಾಲು ಆಗಲೇ ಇದೆ: ಮೀನು, ಮೊಟ್ಟೆ, ತೆಂಗು, ತೆಂಗಿನೆಣ್ಣೆ. "ಅತ್ತಿಗೆ, ನಂಗೆ ಇದು ಕಷ್ಟವೇ ಅಲ್ಲ" ಅನ್ನುತ್ತಾನೆ. ಅವನಿಗೆ ಖಂಡಿತ ಕಷ್ಟ ಅಲ್ಲ. ನಮ್ಮ ಆಫೀಸಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬರು ಇದ್ದಾರೆ, ಮೊಟ್ಟೆಯನ್ನೂ ತಿನ್ನಲ್ಲ. ಅವರೂ ಶುರು ಮಾಡಿದ್ದರು. ಬೇಳೆ, ಕಾಳು ಎಲ್ಲ ಬಿಟ್ಟರೆ ಸಸ್ಯಾಹಾರಿಗೆ ಪ್ರೋಟೀನು ಎಲ್ಲಿಂದ ಬರಬೇಕು ಹೇಳಿ? ಪನೀರು, ಮೊಸರು, ಶೇಂಗಾ, ಬಾದಾಮಿ ಅಷ್ಟೇ ಉಳಿಯಿತು. ಪನೀರು ಕಿಲೋಗೆ 400 ರೂಪಾಯಿ ಆಸುಪಾಸು. ಎಣ್ಣೆಗಾಯಿ ಮುಂದಿಟ್ಟುಕೊಂಡು ಪಕ್ಕದಲ್ಲಿ ಜೋಳದ ರೊಟ್ಟಿ ಇಲ್ಲದೆ ತಿನ್ನೋದು ಶಿಕ್ಷೆ ಅಂದರು, ಬೇಗನೇ ಬಿಟ್ಟರು. ನಮ್ಮ ಮನೆಗೆ ರಾಗಿ ಊರಿಂದ ಬರುತ್ತೆ. ನನ್ನೊಬ್ಬಳ ಕೀಟೋಗೆ ಮಾತ್ರ ತಿಂಗಳಿಗೆ 4,000 ರೂಪಾಯಿ ಹತ್ತಿರ ಜಾಸ್ತಿ ಖರ್ಚಾಗುತ್ತಿತ್ತು.

ಯಾರು ಬೇಯಿಸುತ್ತಾರೆ ಅನ್ನೋದು ನನ್ನೊಬ್ಬಳ ಗೋಳು ಅಂದುಕೊಳ್ಳಬೇಡಿ. ಇಸ್ರೇಲಿನ ಡಿಮೋನಾದಲ್ಲಿ ಒಂದು ಕೆಲಸದ ಜಾಗದ 322 ಜನರನ್ನು ಎರಡು ವರ್ಷ ಗಮನಿಸಿದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕೊಬ್ಬು ಕಡಿಮೆ, ಮೆಡಿಟರೇನಿಯನ್ (ತರಕಾರಿ, ಆಲಿವ್ ಎಣ್ಣೆ, ಮೀನು ಹೆಚ್ಚಿರುವ ಊಟ), ಕಾರ್ಬ್ ಕಡಿಮೆ, ಹೀಗೆ ಮೂರು ಗುಂಪು. ಅಲ್ಲಿನವರಿಗೆ ಮಧ್ಯಾಹ್ನದ್ದೇ ಮುಖ್ಯ ಊಟ, ಅದು ಕ್ಯಾಂಟೀನಿನಲ್ಲೇ ತಯಾರಾಗಿ, ಯಾವುದು ಯಾವ ಗುಂಪಿಗೆ ಅಂತ ಗುರುತು ಹಾಕಿ ಸಿಗುತ್ತಿತ್ತು. ಕಾರ್ಬ್ ಕಡಿಮೆ ಗುಂಪಿಗೆ ದಿನಕ್ಕೆ 20 ಗ್ರಾಂ ಅನ್ನುವ ಕಟ್ಟು ಮೊದಲ ಎರಡು ತಿಂಗಳು ಮಾತ್ರ. ಆಮೇಲೆ ನಿಧಾನವಾಗಿ 120 ಗ್ರಾಂವರೆಗೆ ಏರಿಸಲು ಅವಕಾಶ ಇತ್ತು. ಇಷ್ಟೆಲ್ಲ ಅನುಕೂಲ ಇದ್ದೂ ಎರಡು ವರ್ಷದ ಕೊನೆಗೆ ಉಳಿದವರು ಈ ಗುಂಪಿನಲ್ಲೇ ಕಮ್ಮಿ, 78%. ಕೊಬ್ಬು ಕಡಿಮೆ ಗುಂಪಿನಲ್ಲಿ 90% ಉಳಿದಿದ್ದರು. ತೂಕ ಮಾತ್ರ ಕಾರ್ಬ್ ಕಡಿಮೆ ತಿಂದವರಿಗೇ ಹೆಚ್ಚು ಇಳಿದಿತ್ತು, ಅದನ್ನೂ ಹೇಳಬೇಕು. ಗುರುತು ಹಾಕಿದ ಊಟ ರೆಡಿ ಸಿಗುವ ಕಡೆಯೇ ಹೀಗಾದರೆ, ಸಂಜೆ ಆರೂವರೆಗೆ ಮನೆಗೆ ಬಂದು ಎರಡೆರಡು ಅಡುಗೆ ಮಾಡುವವರನ್ನು ಮನಸ್ಸು ಗಟ್ಟಿ ಇಲ್ಲ ಅನ್ನಬೇಡಿ.

ಹಬ್ಬದ ಮಾತು ಚಿಕ್ಕದಾಗಿ ಹೇಳುತ್ತೇನೆ. ಬೀಗರೂಟ ಸುಲಭ, ಬಾಡು ಹಾಕಿಸಿಕೊಂಡು ಮುದ್ದೆ ಬೇಡ ಅಂದರೆ ಆಯಿತು. ಯುಗಾದಿ ಹೋಳಿಗೆ, ಸಂಕ್ರಾಂತಿಯ ಎಳ್ಳುಬೆಲ್ಲ ಕಷ್ಟ. ಅತಿ ಕಷ್ಟ ಅವರೆಕಾಯಿ ಕಾಲದ್ದು. ಇಡೀ ಬೀದಿ ಸೊಗಡಿನ ವಾಸನೆ ಹೊಡೆಯುವಾಗ ಹಿತಕಿದ ಬೇಳೆ ಸಾರು ಎಲ್ಲರಿಗೂ ಬಡಿಸಿ ನಾನು ಮುಟ್ಟದೆ ಏಳಬೇಕಿತ್ತು.

ಆಮೇಲೆ ರಿಪೋರ್ಟು. ಎಚ್‌ಬಿಎ1ಸಿ 5.6ಕ್ಕೆ ಇಳಿದಿತ್ತು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಕೂಡ ಚೆನ್ನಾಗಿ ಇಳಿದಿತ್ತು. ಆದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲು, 118 ಇದ್ದದ್ದು 158 ಆಗಿತ್ತು. ಎಲ್ಲರಿಗೂ ಹೀಗಾಗಲ್ಲ, ಮೈದುನನಿಗೆ ಏರಲಿಲ್ಲ. ಕೆಲವರಿಗೆ ಏರುತ್ತೆ, ಅವರಲ್ಲಿ ನಾನೂ ಒಬ್ಬಳು. ಡಾಕ್ಟರು ಕೆನೆ, ತುಪ್ಪ, ಬೆಣ್ಣೆ ಕಡಿಮೆ ಮಾಡಿ ಅಂದರು. ಅನ್ನ ಮುದ್ದೆ ಆಗಲೇ ಹೋಗಿತ್ತು, ಈಗ ಕೆನೆಯೂ ಹೋದರೆ ತಟ್ಟೆಯಲ್ಲಿ ಉಳಿಯೋದೇನು? ಆ ತಿಂಗಳೇ ನಿಲ್ಲಿಸಿದೆ.

ಒಂದು ವಿಷಯ ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಈ ಪಥ್ಯ ಹುಟ್ಟಿದ್ದು ತೂಕ ಇಳಿಸೋಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಇದನ್ನು ಮೂರ್ಛೆ ರೋಗಕ್ಕೆ ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ, ಪ್ರತಿ ತುತ್ತನ್ನೂ ತೂಕ ಹಾಕಿ, ಡಾಕ್ಟರು ಮತ್ತು ಡಯಟೀಶಿಯನ್ ಕಣ್ಗಾವಲಲ್ಲಿ. ಅಂಥ ಮಕ್ಕಳಿಗೂ ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ಬಿಡಿಸುವ ಯೋಚನೆ ಮಾಡುತ್ತಾರೆ. ಇದು ಅಷ್ಟು ಬಲವಾದ ಪಥ್ಯ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡೋಸ್ ಬದಲಿಸದೆ ಕಾರ್ಬ್ ನಿಲ್ಲಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅದೇ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರಿಗೆ ಇನ್ನೂ ಅಪಾಯ. ಮಿಷನ್ನಲ್ಲಿ ಸಕ್ಕರೆ ಹೆಚ್ಚೇನೂ ಕಾಣಿಸದೆಯೇ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗಬಹುದು. ಬಸುರಿಯರು, ಎದೆಹಾಲು ಕೊಡುವ ತಾಯಂದಿರು ಇದರ ಹತ್ತಿರವೂ ಹೋಗಬೇಡಿ. ಬಿಪಿ ಮಾತ್ರೆ ನುಂಗುವವರೂ ಮೊದಲು ಡಾಕ್ಟರನ್ನು ಕೇಳಿ. ಪಕ್ಕದ ಮನೆಯವರು ಹತ್ತು ಕೆಜಿ ಇಳಿದರು ಅಂತ ನೀವು ಶುರು ಮಾಡಬೇಡಿ.

ಬಿಟ್ಟ ಮೇಲೆ ನನ್ನ ಸಿಟ್ಟು ಇಳಿದಿದೆ. ಕೀಟೋ ಕಲಿಸಿದ ಒಂದೆರಡು ಅಭ್ಯಾಸ ಉಳಿದುಕೊಂಡಿವೆ. ದೇಶದುದ್ದಕ್ಕೂ ಸಕ್ಕರೆ ಕಾಯಿಲೆ ಬಗ್ಗೆ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2025ರಲ್ಲಿ ಹೇಳಿದ್ದು ನನಗೆ ಸರಿಯಾಗಿ ನಾಟಿತು. ನಮ್ಮ ದೇಶದ ಊಟದಲ್ಲಿ ಶಕ್ತಿಯ ಸುಮಾರು 62% ಕಾರ್ಬ್‌ನಿಂದಲೇ ಬರುತ್ತೆ. ಒಟ್ಟು ಕಾರ್ಬ್ ಇಳಿಸದೆ ಅಕ್ಕಿ ಬದಲು ಗೋಧಿ, ಸಿರಿಧಾನ್ಯ ಅಂತ ಬದಲಿಸಿದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾದಂತೆ ಕಾಣಲಿಲ್ಲ. ಕಾರ್ಬ್‌ನ ಸ್ವಲ್ಪ ಪಾಲನ್ನು ಬೇಳೆ ಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಅಪಾಯ ಕಡಿಮೆ ಇತ್ತು. ರಾಗಿ ಎಷ್ಟು ತಿಂದರೂ ಸಕ್ಕರೆ ಏರಲ್ಲ ಅಂತ ನಂಬಿದ ನಮ್ಮಂಥ ಮನೆಗಳಿಗೆ ಇದು ಮುಖ್ಯವಾದ ಮಾತು.

ಈಗ ನಮ್ಮ ಮನೆಯಲ್ಲಿ ಒಂದೇ ಅಡುಗೆ. ಮೊದಲು ತಟ್ಟೆ ತುಂಬ ಪಲ್ಯ, ಆಮೇಲೆ ಗಟ್ಟಿ ಬೇಳೆ ಅಥವಾ ಮೊಟ್ಟೆ, ಕೊನೆಗೆ ಅರ್ಧ ಮುದ್ದೆ. ಎಲ್ಲರಿಗೂ ಅದೇ, ಮಗನಿಗೆ ಮಾತ್ರ ಅನ್ನ ಬೇಕಾದಷ್ಟು. ಇಳಿದ ತೂಕದಲ್ಲಿ ಸ್ವಲ್ಪ ವಾಪಸ್ ಬಂದಿದೆ. ಎಚ್‌ಬಿಎ1ಸಿ 5.8ರಲ್ಲಿದೆ, ಎಲ್‌ಡಿಎಲ್ ಇಳಿದಿದೆ. ಕಾಫಿಗೆ ಈಗ ಹಾಲೇ, ಕೆನೆ ಭಾನುವಾರ ಮಾತ್ರ.

ಅತ್ತೆಗೆ ಸಕ್ಕರೆ ಕಾಯಿಲೆ ಇದ್ದು ಬಹಳ ವರ್ಷ ಆಯಿತು, ಗ್ಲಿಮೆಪಿರೈಡ್ ಮೇಲಿದ್ದಾರೆ. ಕೀಟೋ ಅವರಿಗೆ ಬೇಡವೇ ಬೇಡ ಅಂತ ಡಾಕ್ಟರು ಆಗಲೇ ಹೇಳಿದ್ದರು. ಈ ಅರ್ಧ ಮುದ್ದೆಯ ಊಟಕ್ಕೆ ಮಾತ್ರ ಒಪ್ಪಿದರು, ಮನೆಯಲ್ಲಿ ದಿನಾ ಸಕ್ಕರೆ ನೋಡಿ ಬರೆದಿಡಬೇಕು ಅನ್ನುವ ಷರತ್ತಿನ ಮೇಲೆ. ಬೆಳಗಿನ ಸಕ್ಕರೆ ಮೊದಲಿಗಿಂತ ಕಡಿಮೆ ಬರುತ್ತಿದೆ. ಮಾತ್ರೆಯ ಡೋಸ್ ಇಳಿಸಬೇಕೋ ಬೇಡವೋ ಅನ್ನೋದನ್ನು ಮುಂದಿನ ತಿಂಗಳ ರಿಪೋರ್ಟ್ ನೋಡಿ ಹೇಳುತ್ತೇನೆ ಅಂದಿದ್ದಾರೆ.