ಚಳಿಗಾಲದ ವಾಕಿಂಗ್, ಬೆಟ್ಟ ಎರಡಕ್ಕೂ ಆಗುವ ವಿಂಡ್‌ಚೀಟರ್

ಚಿಕ್ಕಮಗಳೂರು ಪೇಟೆಯ ಒಂದು ಅಂಗಡಿಯಲ್ಲಿ ಇದನ್ನು ತಗೊಂಡೆ. ಡಿಸೆಂಬರ್, ಜನವರಿಯಲ್ಲೂ ಬೆಳಗಿನ ವಾಕಿಂಗ್ ಬಿಡಬಾರದು ಅನ್ನುವವರಿಗೆ ನಿಜಕ್ಕೂ ಒಳ್ಳೆಯ ಬಟ್ಟೆ. ತೂಕವೇ ಗೊತ್ತಾಗುವುದಿಲ್ಲ, ಮಡಚಿದರೆ ಅಂಗೈ ಅಗಲ.

ಸರಿಯಾದ ಪರೀಕ್ಷೆ ಆಗಿದ್ದು ಸರ್ಪದಾರಿ ಹಿಡಿದು ಮುಳ್ಳಯ್ಯನಗಿರಿ ಹತ್ತಿದಾಗ. 1,930 ಮೀಟರ್ ಎತ್ತರ, ಊರಿಗಿಂತ ನಾಲ್ಕೈದು ಡಿಗ್ರಿ ಕಡಿಮೆ, ಅದರ ಮೇಲೆ ಬೋಳು ಹುಲ್ಲುಗಾವಲಲ್ಲಿ ತಡೆಯೇ ಇಲ್ಲದೆ ಬೀಸುವ ಗಾಳಿ. ಹತ್ತುವಾಗ ಬೆವರುತ್ತೇವೆ, ತುದಿಯಲ್ಲಿ ನಿಂತ ಕೂಡಲೇ ಆ ಬೆವರೇ ಮೈ ಕೊರೆಯುತ್ತದೆ ಅಲ್ವಾ? ಅಲ್ಲೇ ಇದು ಕೆಲಸಕ್ಕೆ ಬಂತು. ಕಂಕುಳ ಕೆಳಗೆ ಒಂದು ಜಿಪ್ ಇದೆ, ಹತ್ತುವಾಗ ತೆಗೆದಿಟ್ಟರೆ ಬಿಸಿ ಹೊರಗೆ ಹೋಗುತ್ತದೆ, ಮೇಲೆ ಹೋಗಿ ಎಳೆದುಕೊಂಡರೆ ಗಾಳಿ ಒಳಗೆ ನುಗ್ಗುವುದಿಲ್ಲ. ತುಂಬಾ ಖುಷಿಯಾಯಿತು.

ಒಳಗೆ ಮಾತ್ರ ಕಾಟನ್ ಬನಿಯನ್ ಬೇಡ. ಅದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ, ಚಳಿ ಜಾಸ್ತಿ ಇದ್ದರೆ ನಡುವೆ ತೆಳು ಸ್ವೆಟರ್. ಮತ್ತೆ ನೀರು! ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಕುಡಿಯುತ್ತಿರಿ.

ಬೇಸರ ಅಂದರೆ ಜೇಬು. ಜಿಪ್ ಇಲ್ಲ, ಬಗ್ಗಿದರೆ ಮೊಬೈಲ್ ಜಾರುತ್ತದೆ. ವಾಟರ್‌ಪ್ರೂಫ್ ಅಂತ ಮಾರುತ್ತಾರೆ, ಅದು ಸರಿಯಲ್ಲ. ಇಬ್ಬನಿಗೆ ಪರವಾಗಿಲ್ಲ, ಮಳೆ ಬಂದರೆ ಹೆಗಲಿನ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಕೊಳ್ಳುವವರು ಒಂದು ಸೈಜ್ ದೊಡ್ಡದೇ ತಗೊಳ್ಳಿ, ಇಲ್ಲದಿದ್ದರೆ ಸ್ವೆಟರ್ ಮೇಲೆ ಹಾಕಿದಾಗ ತೋಳು ಬಿಗಿಯಾಗುತ್ತದೆ.