ಮೈದಾನ, ಸ್ಟುಡಿಯೊ, ಭಾರದ ಜಿಮ್: ಬೆಂಗಳೂರಿನ ಮೂರು ಬೂಟ್ ಕ್ಯಾಂಪ್‌ಗಳ ಹೋಲಿಕೆ

ಗುಂಪಿನಲ್ಲಿ ವ್ಯಾಯಾಮ ಮಾಡಿಸುವ ಬೂಟ್ ಕ್ಯಾಂಪ್ ತರಗತಿಗಳು ಬೆಂಗಳೂರಿನ ಬಹಳಷ್ಟು ಬಡಾವಣೆಗಳಲ್ಲಿ ಈಗ ನಡೆಯುತ್ತಿವೆ. ಒಂದೇ ಹೆಸರಿನ ಈ ತರಗತಿಗಳ ನಡುವೆ ಎಷ್ಟು ಅಂತರವಿದೆ ಎಂಬುದು ಜಾಹೀರಾತಿನಿಂದಾಗಲಿ, ಹೊರಗೆ ನಿಂತು ನೋಡುವುದರಿಂದಾಗಲಿ ತಿಳಿಯುವುದಿಲ್ಲ. ನಾನು ನಲವತ್ತು ದಾಟಿದವಳು. ದಿನದ ಹೆಚ್ಚು ಹೊತ್ತನ್ನು ಕುರ್ಚಿಯಲ್ಲೇ ಕಳೆಯುವವಳು. ಎಡ ಮಂಡಿಯಲ್ಲಿ ಹಳೆಯ ನೋವೊಂದಿದೆ. ಜಯನಗರದ ಮೈದಾನವೊಂದರಲ್ಲಿ ಬೆಳಿಗ್ಗೆ ಆರಕ್ಕೆ ಆರಂಭವಾಗುವ ಬ್ಯಾಚ್, ಇಂದಿರಾನಗರದ ಹವಾನಿಯಂತ್ರಿತ ಸ್ಟುಡಿಯೊ ಒಂದರ ಸಂಜೆಯ ತರಗತಿ, ಬನಶಂಕರಿಯ ಕಡೆಯ ಕ್ರಾಸ್‌ಫಿಟ್ (ಭಾರ ಎತ್ತುವುದನ್ನೂ ಸಮಯ ನೋಡಿ ಸುತ್ತು ಮುಗಿಸುವುದನ್ನೂ ಬೆರೆಸಿದ ವ್ಯಾಯಾಮ) ಮಾದರಿಯ ಜಿಮ್, ಈ ಮೂರಕ್ಕೂ ಹಣ ಕಟ್ಟಿ, ಪ್ರತಿಯೊಂದರಲ್ಲೂ ದೇಹಕ್ಕೆ ರೂಢಿಯಾಗುವಷ್ಟು ಕಾಲ ಇದ್ದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ತರಗತಿ ಎಷ್ಟು ಕಠಿಣವಾಗಿದೆ ಎಂಬುದಕ್ಕಿಂತ, ಒಬ್ಬ ಕೋಚ್‌ನ ಕೈಕೆಳಗೆ ಎಷ್ಟು ಜನರಿದ್ದಾರೆ ಮತ್ತು ಅವರ ಕಣ್ಣಿಗೆ ನಮ್ಮ ಮಂಡಿ, ಬೆನ್ನು, ಹಿಮ್ಮಡಿಗಳು ಬೀಳುತ್ತವೆಯೇ ಎಂಬುದೇ ಆಯ್ಕೆಯ ಅಳತೆಗೋಲಾಗಬೇಕೆಂದು ನನಗೆ ಖಚಿತವಾಗಿ ಅನ್ನಿಸಿದೆ.

ಸ್ಟುಡಿಯೊದ ಒಳ್ಳೆಯ ಗುಣಗಳು ಮೊದಲ ದಿನವೇ ಕಾಣುತ್ತವೆ. ಎದೆಗೆ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ಕೊಡುತ್ತಾರೆ. ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ಹೆಸರಿನ ಮುಂದೆ ಹೃದಯದ ಬಡಿತ ಹಸಿರು, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಮೂಡುತ್ತಿರುತ್ತದೆ. ಟ್ರೆಡ್‌ಮಿಲ್, ರೋಯಿಂಗ್ ಮಷೀನ್, ಡಂಬಲ್ ಹೀಗೆ ಒಂದರಿಂದ ಮತ್ತೊಂದಕ್ಕೆ ಸಾಗುವ ಕ್ರಮ ಚೆನ್ನಾಗಿದೆ, ಮಳೆಯ ಚಿಂತೆಯಿಲ್ಲ, ಸ್ನಾನಕ್ಕೆ ಅನುಕೂಲವಿದೆ. ಆದರೆ ಪರದೆಯ ಬಣ್ಣಗಳಿಗೆ ಆಧಾರವಾಗಿರುವುದು ಸಾಮಾನ್ಯವಾಗಿ 220ರಿಂದ ವಯಸ್ಸನ್ನು ಕಳೆಯುವ ಸೂತ್ರ. ಅದರ ಪ್ರಕಾರ 45 ವರ್ಷದವರ ಗರಿಷ್ಠ ಬಡಿತ 175. ಇದು ಸರಾಸರಿಯ ಅಂದಾಜಷ್ಟೇ. ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಬಡಿತಗಳ ವ್ಯತ್ಯಾಸ ಸಹಜ, ಬಿಪಿಗಾಗಿ ಬೀಟಾ ಬ್ಲಾಕರ್ ಎಂಬ, ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಮಾತನಾಡಲು ಬರುತ್ತಿದೆಯೇ ಎಂದು ತಾನೇ ನೋಡಿಕೊಳ್ಳುವುದು ಇದಕ್ಕಿಂತ ನಂಬಿಕೆಗೆ ಅರ್ಹ: ಒಂದು ಪೂರ್ತಿ ವಾಕ್ಯ ಹೇಳಲು ಸಾಧ್ಯವಾದರೆ ಶ್ರಮ ಮಧ್ಯಮ, ಎರಡು-ಮೂರು ಪದಗಳಿಗೇ ಉಸಿರು ಕಟ್ಟಿದರೆ ತೀವ್ರ.

ಅಲ್ಲಿ ನನ್ನನ್ನು ನಿಜವಾಗಿ ಕಾಡಿದ ಕೊರತೆ ಬೇರೆ. ಕಿವಿಗೆ ಮೈಕ್ ಸಿಕ್ಕಿಸಿಕೊಂಡ ಕೋಚ್ ಒಬ್ಬರೇ, ಕೊಠಡಿ ಮಾತ್ರ ಭರ್ತಿ. ಜೋರಾದ ಸಂಗೀತದ ನಡುವೆ ಅವರು ಹುರಿದುಂಬಿಸುತ್ತಿದ್ದರು, ತಿದ್ದುವುದಕ್ಕೆ ಅವರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ನನ್ನ ಪಕ್ಕದವರು ಬೆನ್ನು ಬಗ್ಗಿಸಿಕೊಂಡೇ ಭಾರ ಎತ್ತುತ್ತಿದ್ದುದನ್ನು ನಾನಿದ್ದಷ್ಟು ಕಾಲವೂ ಯಾರೂ ಗಮನಿಸಲಿಲ್ಲ.

ಇನ್ನು, ಗಂಟೆಯುದ್ದಕ್ಕೂ ನಡೆಯುವ ‘ತಬಾಟಾ’ ತರಗತಿಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಪಾನಿನ ಇಝುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೈಹಿಕ ಶಿಕ್ಷಣ ಓದುತ್ತಿದ್ದ ಯುವಕರು ಒಂದೇ ಕಡೆ ನಿಂತಿರುವ ಸೈಕಲ್ಲನ್ನು 20 ಸೆಕೆಂಡು ಸರ್ವಶಕ್ತಿಯಿಂದ ತುಳಿದು, 10 ಸೆಕೆಂಡು ವಿರಮಿಸಿ, ಹೀಗೆ ಏಳೆಂಟು ಸುತ್ತು ಮುಗಿಸುವಷ್ಟರಲ್ಲಿ ಸಂಪೂರ್ಣ ಬಳಲುತ್ತಿದ್ದರು. ಅಂದರೆ ಕಸರತ್ತಿನ ಭಾಗ ಸುಮಾರು ನಾಲ್ಕೇ ನಿಮಿಷ. ಆ ತೀವ್ರತೆಯಲ್ಲಿ ನಲವತ್ತು ನಿಮಿಷ ದುಡಿಯಲು ಯಾರಿಂದಲೂ ಆಗದು. ಹಾಗೆ ನಡೆಯುವ ತರಗತಿ ಒಳ್ಳೆಯ ವ್ಯಾಯಾಮವಾಗಿರಬಹುದು, ಆ ಪ್ರಯೋಗದ ಫಲವನ್ನು ಮಾತ್ರ ಅದರಿಂದ ನಿರೀಕ್ಷಿಸುವಂತಿಲ್ಲ. ಬರ್ಪೀಯ ಕಥೆಯೂ ಇಂಥದ್ದೇ. 1930ರ ದಶಕದಲ್ಲಿ ಅಮೆರಿಕದ ರಾಯಲ್ ಬರ್ಪೀ ಎಂಬುವರು ದೇಹದ ಕ್ಷಮತೆಯನ್ನು ಅಳೆಯಲು ರೂಪಿಸಿದ ಸರಳ ಪರೀಕ್ಷೆ ಅದು: ಕುಕ್ಕರಗಾಲಿನಲ್ಲಿ ಕೂತು ಕೈಯೂರುವುದು, ಕಾಲನ್ನು ಹಿಂದಕ್ಕೆ ಚಾಚುವುದು, ಮತ್ತೆ ಒಳಗೆ ಎಳೆದುಕೊಳ್ಳುವುದು, ಎದ್ದು ನಿಲ್ಲುವುದು. ಪುಷ್-ಅಪ್ ಮತ್ತು ನೆಗೆತ ಆಮೇಲೆ ಸೇರಿಕೊಂಡವು. ಆದ್ದರಿಂದ, ಮಂಡಿನೋವಿರುವವರು ನೆಗೆಯದೆ ಬರ್ಪೀ ಮಾಡಿದರೆ ಅದನ್ನು ಕಡಿಮೆ ದರ್ಜೆಯದೆಂದು ಎಣಿಸುವ ಕೋಚ್‌ಗೆ ಆ ವ್ಯಾಯಾಮದ ಮೂಲವೇ ತಿಳಿದಿಲ್ಲ ಎಂದೇ ನಾನು ಭಾವಿಸುತ್ತೇನೆ.

ಜಯನಗರದ ಬ್ಯಾಚ್‌ನಲ್ಲಿ ಪರದೆಯೂ ಇರಲಿಲ್ಲ, ಯಂತ್ರಗಳೂ ಇರಲಿಲ್ಲ. ಕೆಮ್ಮಣ್ಣಿನ ಮೈದಾನ, ಒಂದಷ್ಟು ಕೋನ್‌ಗಳು, ದಪ್ಪ ಹಗ್ಗ, ಮರಳು ತುಂಬಿದ ಚೀಲಗಳು, ನಾವೇ ಮನೆಯಿಂದ ತರಬೇಕಾದ ಮ್ಯಾಟ್, ಅಷ್ಟೇ. ಹದಿನೈದು ಜನರಿಗೆ ಇಬ್ಬರು ಕೋಚ್‌ಗಳಿದ್ದರು. ಒಬ್ಬರು ಮುಂದೆ ನಿಂತು ಮಾಡಿಸಿದರೆ, ಇನ್ನೊಬ್ಬರು ಸಾಲುಗಳ ನಡುವೆ ಓಡಾಡುತ್ತಲೇ ಇರುತ್ತಿದ್ದರು. ಸ್ಕ್ವಾಟ್ (ಮಂಡಿ ಮಡಚಿ ಕೂತು ಏಳುವ ಬೈಠಕ್) ಮಾಡುವಾಗ ನನ್ನ ಹಿಮ್ಮಡಿ ನೆಲ ಬಿಟ್ಟು ಏಳುತ್ತಿದ್ದುದನ್ನು ಕಂಡ ಆ ಎರಡನೆಯವರು, ಕಾಂಪೌಂಡಿನ ಪಕ್ಕ ಬಿದ್ದಿದ್ದ ಮರದ ಹಲಗೆಯೊಂದನ್ನು ತಂದು ನನ್ನ ಹಿಮ್ಮಡಿಗಳ ಕೆಳಗೆ ಇಟ್ಟು, "ಮೇಡಂ, ಮಂಡಿ ಒಳಗಡೆ ಬರ್ತಾ ಇದೆ, ಪಾದ ಸ್ವಲ್ಪ ಅಗಲ ಮಾಡಿ, ಈಗ ನಿಧಾನಕ್ಕೆ ಇಳೀರಿ" ಎಂದರು. ಇಳಿದೆ, ಮಂಡಿ ಚುಚ್ಚಲಿಲ್ಲ. ಕಣಕಾಲಿನ ಬಿಗಿತದಿಂದಾಗಿ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತಿದೆಯೆಂದು ವಿವರಿಸಿ, ಗೋಡೆಗೆ ಕೈಯೂರಿ ಮೀನಖಂಡವನ್ನು ಎಳೆಯುವ ವ್ಯಾಯಾಮವನ್ನು ದಿನವೂ ಮನೆಯಲ್ಲಿ ಮಾಡಲು ಹೇಳಿಕೊಟ್ಟರು. ಅದೇ ಬ್ಯಾಚ್‌ನ ಅರವತ್ತರ ಆಸುಪಾಸಿನ ಹಿರಿಯರೊಬ್ಬರು ಕಲ್ಲುಬೆಂಚಿಗೆ ಕೈಯೂರಿ ಪುಷ್-ಅಪ್ ಮಾಡುತ್ತಿದ್ದರು, ಪಕ್ಕದಲ್ಲೇ ಕಾಲೇಜು ಹುಡುಗನೊಬ್ಬ ಬೆನ್ನ ಮೇಲೆ ಮರಳುಚೀಲ ಹೊತ್ತು ಅದನ್ನೇ ಮಾಡುತ್ತಿದ್ದ. ವ್ಯಾಯಾಮ ಒಂದೇ, ಅದರ ಮಟ್ಟ ಮಾತ್ರ ಅವರವರ ದೇಹಕ್ಕೆ ತಕ್ಕಂತೆ. ಈ ಒಂದು ವಿಷಯದಲ್ಲಿ ಉಳಿದೆರಡೂ ಇದರ ಹತ್ತಿರ ಬರಲಿಲ್ಲ.

ಮೈದಾನಕ್ಕೂ ಅದರದೇ ತೊಂದರೆಗಳಿವೆ. ಮಳೆಗಾಲದಲ್ಲಿ ರಾತ್ರಿ ಜೋರು ಮಳೆಯಾದರೆ ಬೆಳಿಗ್ಗೆ ನೆಲ ಕೆಸರಾಗಿ ಕಾಲು ಜಾರುತ್ತದೆ. ಅಂಥ ದಿನ ತರಗತಿ ರದ್ದು, ಬದಲಿ ದಿನವೂ ಸಿಗದು. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಕೀಲುಗಳು ಬಿಗಿದಿರುವುದರಿಂದ ಐದು ನಿಮಿಷದ ವಾರ್ಮ್-ಅಪ್ ಸಾಲುವುದಿಲ್ಲ, ಹತ್ತು ನಿಮಿಷವಾದರೂ ಬೇಕು. ಶೌಚಾಲಯದ ವ್ಯವಸ್ಥೆ ಇಲ್ಲದಿರುವುದು ಹೆಂಗಸರಿಗೆ ದೊಡ್ಡ ಅನಾನುಕೂಲ. ಸೇರುವ ಮೊದಲು ಇದನ್ನು ಸಂಕೋಚವಿಲ್ಲದೆ ಕೇಳಬೇಕು.

ಬನಶಂಕರಿಯ ಜಿಮ್‌ನಲ್ಲಿ ಬಾರ್‌ಬೆಲ್, ಕೆಟಲ್‌ಬೆಲ್‌ಗಳಿಗೇ ಆದ್ಯತೆ. ಹೊಸಬರನ್ನು ನೇರವಾಗಿ ಮುಖ್ಯ ತರಗತಿಗೆ ಬಿಡದೆ, ಮೊದಲು ಬರಿಯ ಕೋಲು ಹಿಡಿಸಿ ಭಾರ ಎತ್ತುವ ಭಂಗಿಯನ್ನು ಕಲಿಸಿದ್ದು ನನಗೆ ಬಹಳ ಹಿಡಿಸಿತು. ಮೂಳೆ ಸವೆಯುವ ವಯಸ್ಸಿಗೆ ಹತ್ತಿರವಾಗುತ್ತಿರುವ ಹೆಂಗಸರಿಗೆ ಭಾರ ಎತ್ತುವ ಅಭ್ಯಾಸ ಅತ್ಯಗತ್ಯವೆಂಬ ಕಾರಣಕ್ಕೂ ಇದಕ್ಕೆ ನನ್ನ ಗೌರವವಿದೆ. ಆದರೆ ಸಮಯ ನೋಡಿ ಸುತ್ತುಗಳನ್ನು ಮುಗಿಸುವ ಭಾಗ ಬಂದೊಡನೆ ಕಲಿತ ಭಂಗಿ ಕೈಬಿಟ್ಟುಹೋಗುತ್ತದೆ. ಬೋರ್ಡಿನಲ್ಲಿ ಬರೆಯುವ ಅಂಕಗಳ ಪೈಪೋಟಿ ಕೆಲವರಿಗೆ ಹುರುಪು ಕೊಡುತ್ತದೆ, ನನಗೆ ಕೊಡಲಿಲ್ಲ.

ದೂರವನ್ನು ಶುಲ್ಕದೊಂದಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸ್ಟುಡಿಯೊದ ಶುಲ್ಕ ಮೈದಾನದ್ದಕ್ಕಿಂತ ಸುಮಾರು ಮೂರು ಪಟ್ಟು. ಅದರ ಜೊತೆಗೆ ಸಂಜೆಯ ಟ್ರಾಫಿಕ್‌ನಲ್ಲಿ ಕೋರಮಂಗಲ, ದೊಮ್ಮಲೂರು ದಾಟಿ ಇಂದಿರಾನಗರ ತಲುಪುವಷ್ಟರಲ್ಲಿ ವ್ಯಾಯಾಮಕ್ಕೆ ಬೇಕಾದ ಉತ್ಸಾಹವೇ ಕರಗಿರುತ್ತಿತ್ತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಅಥವಾ 75 ನಿಮಿಷಗಳ ತೀವ್ರ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಡೆದೇ ಹೋಗಬಹುದಾದ ತರಗತಿಗೆ ವಾರದಲ್ಲಿ ಮೂರು ದಿನ ತಪ್ಪದೆ ಹೋದರೆ ಅಷ್ಟು ಪೂರೈಸುತ್ತದೆ. ವಾರವಿಡೀ ಬನ್ನಿ ಎಂದು ಮೂರು ತಿಂಗಳ ಪ್ಯಾಕೇಜ್ ಮುಂದಿಡುವವರಿಗೆ ಟ್ರಯಲ್ ಕ್ಲಾಸ್ ಮುಗಿಯುವ ಮೊದಲು ಹಣ ಕಟ್ಟಬಾರದು.

ಆ ಟ್ರಯಲ್ ದಿನ ನಾನು ನೋಡುವುದು ಮುಖ್ಯವಾಗಿ ಎರಡನ್ನು: ಆರಂಭಕ್ಕೆ ಮುಂಚೆ ಬಿಪಿ, ಶುಗರ್, ಹಳೆಯ ಪೆಟ್ಟು, ಶಸ್ತ್ರಚಿಕಿತ್ಸೆಗಳ ಬಗ್ಗೆ ಕೋಚ್ ತಾವಾಗಿ ವಿಚಾರಿಸುತ್ತಾರೆಯೇ, ಮತ್ತು ಯಾರಾದರೂ ನೋವೆಂದಾಗ ಅವರು ಏನು ಹೇಳುತ್ತಾರೆ. ತರಗತಿಯ ನಂತರ ಒಂದರಿಂದ ಮೂರು ದಿನ ಸ್ನಾಯುಗಳು ನೋಯುವುದು ಸಾಮಾನ್ಯ. ಕೀಲಿನೊಳಗೆ ಚುಚ್ಚುವ ನೋವು, ಎದೆ ಬಿಗಿತ, ತಲೆಸುತ್ತು ಸಾಮಾನ್ಯವಲ್ಲ. ಅತಿಯಾದ ವ್ಯಾಯಾಮದ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿರಬಹುದು. ಆಗ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. "ನೋವಿದ್ದರೇನೇ ಫಲ" ಎಂದು ಎಲ್ಲ ನೋವಿಗೂ ಒಂದೇ ಉತ್ತರ ಕೊಡುವವರ ತರಗತಿಗೆ ನಾನು ಯಾರನ್ನೂ ಕಳಿಸುವುದಿಲ್ಲ.

ನಾನು ಜಯನಗರದ ಬ್ಯಾಚ್‌ನಲ್ಲೇ ಮುಂದುವರಿದಿದ್ದೇನೆ. ನನ್ನ ತಂಗಿಯ ಮನೆ ಇಂದಿರಾನಗರದಲ್ಲಿದೆ, ಅವಳಿಗೆ ಮೂವತ್ತರ ವಯಸ್ಸು, ಕೀಲುಗಳಲ್ಲಿ ಯಾವ ತೊಂದರೆಯೂ ಇಲ್ಲ, ಓಟದ ಅಭ್ಯಾಸವಿದೆ. ಅವಳಿಗೆ ನಾನು ಸ್ಟುಡಿಯೊವನ್ನೇ ಸೂಚಿಸಿದೆ, ಆದರೆ ಹೆಚ್ಚು ಜನರಿಲ್ಲದ ಮಧ್ಯಾಹ್ನದ ಬ್ಯಾಚ್ ಆರಿಸಿಕೊಳ್ಳಲು ಹೇಳಿದ್ದೇನೆ.